ಮಕ್ಕಳ ಬರಹ, ಮಕ್ಕಳದೇ ಪುಟವಿನ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ಜಿಲ್ಲೆಯ ನಮ್ಮ ಪ್ರೌಢಶಾಲೆಯಲ್ಲಿ ವಿದ್ಯಾರ್ಥಿಗಳೇ ಬರೆದು, ಚಿತ್ರ ಬಿಡಿಸಿ, ಪುಟ ಜೋಡಿಸಿ, ಮಡಚಿ, ಪಿನ್ ಹೊಡೆದು ಪುಸ್ತಿಕೆಗಳನ್ನು ಹೊರತರುತ್ತಾರೆ. ಪೋಷಕರು, ಬೇರೆ ಶಾಲೆಗಳ ಶಿಕ್ಷಕರು, ಹೊಸದಾಗಿ ಸೇರುವ ಮಕ್ಕಳು ಈ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇವೆ. ಬರೆದವನು ಕನ್ನಡ ಮೇಷ್ಟ್ರು. ಎಲ್ಲಾದರೂ ಪಕ್ಷಪಾತ ಕಂಡರೆ ಚಿತ್ರಕಲಾ ಶಿಕ್ಷಕಿಯವರಿಗೆ ದೂರು ಕೊಡಬಹುದು.

ಇದು ಕನ್ನಡದ ತರಗತಿಯೋ, ಚಿತ್ರಕಲೆಯ ತರಗತಿಯೋ?

ವೇಳಾಪಟ್ಟಿಯಲ್ಲಿ ಎರಡೂ ಅವಧಿಗಳನ್ನು ಕೂಡಿಸಿಕೊಂಡಿದ್ದೇವೆ. ಕೆಲಸದಲ್ಲಿ ಅವನ್ನು ಬೇರ್ಪಡಿಸಲು ಆಗುವುದಿಲ್ಲ.

ಒಂದು ಉದಾಹರಣೆ ನೋಡಿ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನೂರಿನ ಆಲೆಮನೆಯ ಬಗ್ಗೆ ನಾಲ್ಕು ಹಾಳೆ ಬರೆದು ತರುತ್ತಾಳೆ ಎಂದಿಟ್ಟುಕೊಳ್ಳಿ. ಪುಸ್ತಿಕೆಯಲ್ಲಿ ಅವಳಿಗೆ ಸಿಗುವುದು ಎದುರುಬದುರಿನ ಎರಡು ಪುಟ ಮಾತ್ರ. ಅದರಲ್ಲಿ ಚಿತ್ರವೂ ಕೂರಬೇಕು. ಈಗ ಅವಳು ತಾನು ಬರೆದದ್ದನ್ನು ತಾನೇ ಮತ್ತೆ ಮತ್ತೆ ಓದಲೇಬೇಕು. ಕಬ್ಬು ಗಾಣಕ್ಕೆ ಹೋಗಿ, ಕಬ್ಬಿನ ಹಾಲು ಕೊಪ್ಪರಿಗೆಗೆ ಇಳಿದು, ಕಾದು, ಅಚ್ಚಿಗೆ ಬೀಳುವ ಕ್ರಮವನ್ನು ಚಿತ್ರ ಹೇಳಿಬಿಡುತ್ತದೆ. ಹಾಗಾದರೆ ಅಷ್ಟು ವಾಕ್ಯಗಳು ಬೇಡ. ಆದರೆ ಕುದಿಯುವ ಹಾಲಿಗೆ ಸುಣ್ಣವನ್ನೋ ಬೆಂಡೆ ಗಿಡದ ಲೋಳೆಯನ್ನೋ ಏಕೆ ಹಾಕುತ್ತಾರೆ? ಕೊಳೆ ಮೇಲೆ ತೇಲಿ ಬಂದು ತೆಗೆಯಲು ಸಿಗಲಿ ಎಂದು. ಈ ಕಾರಣವನ್ನು ಯಾವ ಚಿತ್ರವೂ ಹೇಳಲಾರದು, ವಾಕ್ಯವೇ ಬೇಕು. ಯಾವುದನ್ನು ಚಿತ್ರಕ್ಕೆ ಬಿಡಬೇಕು, ಯಾವುದನ್ನು ಬರೆಯಲೇಬೇಕು ಎಂದು ತೂಗುವ ಹೊತ್ತಿನಲ್ಲಿ ನಡೆಯುವ ಓದು ಪ್ರಬಂಧದ ಪುಸ್ತಕದಲ್ಲಿ ನಡೆಯುವುದಿಲ್ಲ. ಅಲ್ಲಿ ಹಾಳೆ ಮುಗಿದರೆ ಇನ್ನೊಂದು ಹಾಳೆ ಇರುತ್ತದೆ, ಬರೆದವರು ತಿರುಗಿ ನೋಡುವ ಅಗತ್ಯ ಬೀಳುವುದಿಲ್ಲ.

ಆದ್ದರಿಂದಲೇ ಬರೆಯುವವರ ಗುಂಪು ಬೇರೆ, ವಿನ್ಯಾಸದ ಗುಂಪು ಬೇರೆ ಎಂಬ ವಿಭಜನೆ ನಮ್ಮಲ್ಲಿಲ್ಲ. ಬರೆದವರೇ ತಮ್ಮ ಪುಟವನ್ನು ಜೋಡಿಸಬೇಕು.

ಯಾವ ತರಗತಿಯವರು ಸೇರಬಹುದು?

ಎಂಟರಿಂದ ಹತ್ತರವರೆಗೆ ಯಾರಾದರೂ. ಪರೀಕ್ಷೆ, ಆಯ್ಕೆ ಏನೂ ಇಲ್ಲ.

ಇಂಥ ಪ್ರಯೋಗ ಹಿಂದೆ ಎಲ್ಲಾದರೂ ನಡೆದಿದೆಯೇ?

ಬೇಕಾದಷ್ಟು ನಡೆದಿದೆ. ಫ್ರಾನ್ಸಿನ ಹಳ್ಳಿ ಶಾಲೆಯ ಶಿಕ್ಷಕ ಸೆಲೆಸ್ಟಿನ್ ಫ್ರೆನೆ 1920ರ ದಶಕದಲ್ಲಿ ತರಗತಿಗೇ ಪುಟ್ಟ ಅಚ್ಚಿನ ಯಂತ್ರ ತಂದಿಟ್ಟರು. ಮಕ್ಕಳು ತಮ್ಮ ಬರಹಕ್ಕೆ ತಾವೇ ಅಕ್ಷರದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಿ ಬೇರೆ ಊರಿನ ಶಾಲೆಗಳಿಗೆ ಕಳಿಸುತ್ತಿದ್ದರು. ಒಂದೊಂದು ಅಕ್ಷರವನ್ನೂ ಕೈಯಲ್ಲಿ ಎತ್ತಿ ಇಡುವಾಗ ಅನಗತ್ಯ ಪದ ಎಷ್ಟು ದುಬಾರಿ ಎಂಬುದು ತಾನಾಗಿ ತಿಳಿಯುತ್ತದೆ.

ಅಷ್ಟು ದೂರ ಹೋಗುವುದೂ ಬೇಡ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿಯನ್ನು ನೆನೆಯಿರಿ. ಪಠ್ಯಪುಸ್ತಕವನ್ನು ಬಿಡಿ ಕಾರ್ಡುಗಳಾಗಿ ಒಡೆದು, ಪ್ರತಿ ಕಾರ್ಡಿಗೂ ಒಂದು ಚಿಹ್ನೆ ಕೊಟ್ಟು, ಇನ್ನೂ ಓದಲು ಬಾರದ ಮಗು ಕೂಡ ಕಲಿಕೆಯ ಏಣಿಯಲ್ಲಿ ತಾನು ಎಲ್ಲಿದ್ದೇನೆಂದು ಚಿಹ್ನೆ ನೋಡಿಯೇ ಹುಡುಕಿಕೊಳ್ಳುವಂತೆ ಮಾಡಿದ್ದರು. ಅದು ಅಪ್ಪಟ ವಿನ್ಯಾಸದ ಕೆಲಸ. ಯಾರೂ ಅದನ್ನು ಹಾಗೆ ಕರೆಯಲಿಲ್ಲ, ಅಷ್ಟೆ. ಇನ್ನೂ ಹಿಂದಕ್ಕೆ ಹೋದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ಯಲ್ಲಿ ಧ್ಯಾನಶ್ಲೋಕ ಮತ್ತು ಅದು ವರ್ಣಿಸುವ ಮೂರ್ತಿಯ ಚಿತ್ರ ಜೊತೆಯಾಗಿವೆ. ಕೈಯಲ್ಲಿ ಏನಿದೆ, ಬಣ್ಣ ಯಾವುದು, ವಾಹನ ಯಾವುದು ಎಂದು ಓದುಗ ಶ್ಲೋಕದಿಂದ ಚಿತ್ರಕ್ಕೂ ಚಿತ್ರದಿಂದ ಶ್ಲೋಕಕ್ಕೂ ಕಣ್ಣು ಹಾಯಿಸಿ ತಾಳೆ ನೋಡಬಹುದು. ಕಾಲೇಜುಗಳ ಗೋಡೆ ಪತ್ರಿಕೆ, ಕೈಬರಹದ ಪತ್ರಿಕೆಗಳಂತೂ ಎಲ್ಲರಿಗೂ ಗೊತ್ತು.

ನನ್ನ ಮಗನಿಗೆ ಚಿತ್ರ ಬಿಡಿಸಲು ಬರುವುದಿಲ್ಲ. ಅವನೇನು ಮಾಡಬೇಕು?

ಪುಟವಿನ್ಯಾಸಕ್ಕೆ ಚಿತ್ರ ಬಿಡಿಸುವ ಕೈ ಬೇಕೆಂದೇನೂ ಇಲ್ಲ. ಶೀರ್ಷಿಕೆ ಎಷ್ಟು ದೊಡ್ಡದಿರಬೇಕು, ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕು, ಕಣ್ಣು ಮೊದಲು ಎಲ್ಲಿಗೆ ಹೋಗಬೇಕು ಎಂದು ನಿರ್ಧರಿಸಲು ಅಡಿಕೋಲು, ಪೆನ್ಸಿಲ್ ಸಾಕು. ನೆರಳು, ಬೆಳಕು ಎಲ್ಲ ಹಾಕಿ ಚಂದವಾಗಿ ಚಿತ್ರ ಬರೆಯುವ ಮಕ್ಕಳೇ ಇಲ್ಲಿ ಹೆಚ್ಚು ತಕರಾರು ಮಾಡುತ್ತಾರೆ. ತಮ್ಮ ಚಿತ್ರವನ್ನು ಕಾಲು ಪುಟಕ್ಕೆ ಇಳಿಸಲು ಅವರಿಗೆ ಮನಸ್ಸು ಬರುವುದಿಲ್ಲ.

ಓದುವುದರಲ್ಲಿ ಹಿಂದೆ ಬಿದ್ದಿರುವ ಮಕ್ಕಳಿಗೆ ಇದು ಭಾರವಾಗುವುದಿಲ್ಲವೇ?

ಅವರು ಅಡಿಬರಹದಿಂದ ಶುರು ಮಾಡುತ್ತಾರೆ. ಒಂದು ಚಿತ್ರ, ಅದರ ಕೆಳಗೆ ಒಂದೇ ವಾಕ್ಯ. ನಿಯಮವೂ ಒಂದೇ: ಚಿತ್ರದಲ್ಲಿ ಕಾಣುವುದನ್ನೇ ಮತ್ತೆ ಹೇಳಕೂಡದು. ಎತ್ತಿನ ಚಿತ್ರದ ಕೆಳಗೆ ‘ಇದು ಎತ್ತು’ ಎಂದು ಬರೆದರೆ ಜಾಗ ದಂಡ. ಅದು ಯಾರ ಎತ್ತು, ಯಾವ ಜಾತ್ರೆಯಲ್ಲಿ ಕೊಂಡದ್ದು, ಹೆಸರೇನು ಎಂದು ಬರೆದರೆ ಅಡಿಬರಹ. ನಾಲ್ಕು ಪ್ಯಾರಾ ಬರೆಯಲು ಹೆದರುವ ಹುಡುಗ ಈ ಒಂದು ವಾಕ್ಯಕ್ಕಾಗಿ ಮನೆಯವರನ್ನು ಕೇಳಿಕೊಂಡು ಬರುತ್ತಾನೆ. ಆ ವಾಕ್ಯ ಅಚ್ಚಾಗುತ್ತದೆ, ಊರವರು ಓದುತ್ತಾರೆ ಎಂದು ಗೊತ್ತಿರುವುದರಿಂದ ಅದನ್ನು ಎರಡು ಸಲ ತಿದ್ದಿಯೂ ತರುತ್ತಾನೆ.

ಮೊದಲ ಪುಸ್ತಿಕೆಯನ್ನು ಹೇಗೆ ಮಾಡಿಸುತ್ತೀರಿ?

ಕಂಪ್ಯೂಟರನ್ನು ದೂರವಿಟ್ಟು. ಒಂದು ಎ4 ಹಾಳೆಯನ್ನು ಎಂಟು ಭಾಗವಾಗುವಂತೆ ಮಡಚಿ, ನಡುವೆ ಒಂದು ಸೀಳು ಹಾಕಿ, ಮತ್ತೆ ಮಡಚಿದರೆ ಪಿನ್ ಇಲ್ಲದೆ ಎಂಟು ಪುಟದ ಪುಸ್ತಿಕೆ ಸಿದ್ಧ. ಒಂದು ಪುಟದ ಅಳತೆ 74 × 105 ಮಿಲಿಮೀಟರ್, ಅಂಗಿಯ ಜೇಬಿಗೆ ಸರಿ. ಬರೆದದ್ದೆಲ್ಲ ಹಾಳೆಯ ಒಂದೇ ಮಗ್ಗುಲಲ್ಲಿರುವುದರಿಂದ ಒಂದು ಜೆರಾಕ್ಸ್ ತೆಗೆದರೆ ಒಂದು ಪ್ರತಿ.

ಅದು ಕೈಗೆ ಹತ್ತಿದ ಮೇಲೆ ಎ4 ಹಾಳೆಯನ್ನು ಅರ್ಧ ಮಡಚಿದ ಎ5 ಪುಸ್ತಿಕೆ. ಒಂದು ಹಾಳೆಗೆ ನಾಲ್ಕು ಪುಟ, ಹಾಗಾಗಿ ಒಟ್ಟು ಪುಟಗಳು ನಾಲ್ಕರ ಮಗ್ಗಿಯಲ್ಲಿಯೇ ಇರಬೇಕು. ಹದಿನೆಂಟು ಪುಟ ಎಂದು ಹಟ ಹಿಡಿದರೆ ಎರಡು ಪುಟ ಖಾಲಿ ಬೀಳುತ್ತವೆ. ಹದಿನಾರು ಪುಟದ ಪುಸ್ತಿಕೆಯಲ್ಲಿ ಹಾಳೆಯ ಒಂದು ಮಗ್ಗುಲಿನಲ್ಲಿ ಜೊತೆಯಾಗುವ ಎರಡು ಪುಟಗಳ ಸಂಖ್ಯೆ ಕೂಡಿದರೆ ಯಾವಾಗಲೂ 17 ಬರುತ್ತದೆ: 16 ಮತ್ತು 1, 2 ಮತ್ತು 15, ಹೀಗೆ ನಡುವಿನ 8 ಮತ್ತು 9ರವರೆಗೆ. ಇದನ್ನು ನಾವು ಮೊದಲೇ ಹೇಳಿಕೊಡುವುದಿಲ್ಲ. ಖಾಲಿ ಹಾಳೆಗಳನ್ನು ಮಡಚಿ, ಸಂಖ್ಯೆ ಬರೆದು, ಬಿಚ್ಚಿ ನೋಡಲು ಬಿಡುತ್ತೇವೆ. ಗಣಿತ ಶಿಕ್ಷಕರು ಆ ದಿನ ನಮ್ಮ ತರಗತಿಗೆ ಬಂದು ಕೂರುವುದುಂಟು.

ಯಾವ ಫಾಂಟ್ ಬಳಸಬೇಕು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಕೇಳುವವರು ಸಾಮಾನ್ಯವಾಗಿ ‘ಅಲಂಕಾರದ್ದು ಯಾವುದಿದೆ’ ಎಂದು ಕೇಳುತ್ತಿರುತ್ತಾರೆ. ಅಲಂಕಾರ ಆಮೇಲೆ. ಮೊದಲು ಮಹಾಪ್ರಾಣದ ಸೀಳು ಕಾಣುತ್ತದೆಯೇ ನೋಡಿ. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ, ಪ ಮತ್ತು ಫ — ಈ ಜೋಡಿಗಳ ನಡುವೆ ಕಣ್ಣಿಗೆ ಬೀಳುವ ದೊಡ್ಡ ವ್ಯತ್ಯಾಸವೇ ಕೆಳಗಿನ ಆ ಸಣ್ಣ ಸೀಳು. ದಪ್ಪ ಫಾಂಟನ್ನು ಚಿಕ್ಕದು ಮಾಡಿ, ಜೆರಾಕ್ಸಿನ ಜೆರಾಕ್ಸ್ ತೆಗೆದರೆ ಸೀಳು ಮಸಿಯಲ್ಲಿ ಮುಚ್ಚಿಹೋಗುತ್ತದೆ, ಧನ ಹೋಗಿ ದನವಾಗುತ್ತದೆ. ಚೆನ್ನಾಗಿ ಓದಬಲ್ಲವರು ಸಂದರ್ಭ ನೋಡಿ ಅರ್ಥ ಮಾಡಿಕೊಂಡಾರು. ಅಕ್ಷರ ಕೂಡಿಸಿ ಓದುವ ಐದನೇ ತರಗತಿಯ ತಂಗಿಗೆ ಅದು ಸಾಧ್ಯವಿಲ್ಲ, ನಮ್ಮ ಪುಸ್ತಿಕೆಗಳನ್ನು ಮನೆಯಲ್ಲಿ ಮೊದಲು ಎತ್ತಿಕೊಳ್ಳುವವಳು ಅವಳೇ.

ಎರಡನೆಯದು ಸಾಲುಗಳ ನಡುವಿನ ಅಂತರ. ಕನ್ನಡದ ಒತ್ತಕ್ಷರ ಸಾಲಿನ ಕೆಳಕ್ಕೆ ಇಳಿಯುತ್ತದೆ, ‘ರಾಷ್ಟ್ರ’ದಂಥ ಪದದಲ್ಲಿ ಎರಡೆರಡು ಇಳಿಯುತ್ತವೆ. ಮೇಲಿನಿಂದ ಇಳಿದ ಒತ್ತು ಕೆಳಸಾಲಿನ ಗುಡಿಸಿಗೆ ತಾಗಬಾರದು. ಪುಟವಿನ್ಯಾಸದ ತಂತ್ರಾಂಶಗಳು ತಾವಾಗಿ ಕೊಡುವ ಅಂತರ ಸಾಮಾನ್ಯವಾಗಿ ಅಕ್ಷರದ ಅಳತೆಯ ಶೇ 120. ಅದು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡ ಲೆಕ್ಕ. ನಾವು ಶೇ 150ಕ್ಕಿಂತ ಕಡಿಮೆ ಇಡುವುದಿಲ್ಲ. ಅಕ್ಷರದ ಅಳತೆ 13 ಪಾಯಿಂಟ್, ಕಿರಿಯರಿಗೆಂದು ಮಾಡುವ ಪುಸ್ತಿಕೆಯಾದರೆ 16.

ಮೂರನೆಯದು ಸಾಲಿನ ಬಲ ತುದಿ. ಪತ್ರಿಕೆಗಳಂತೆ ಎರಡೂ ಕಡೆ ನೇರ ಬರಲಿ ಎಂಬ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ. ಆದರೆ ನಮ್ಮ ಪದಗಳು ಉದ್ದ. ಕಿರಿದಾದ ಕಾಲಂನಲ್ಲಿ ಎರಡೇ ಪದ ಕೂತು ನಡುವೆ ಹಳ್ಳ ಬೀಳುತ್ತದೆ. ಎಡಕ್ಕೆ ಸಾಲು ಹಿಡಿದು ಬಲಗಡೆ ಹೇಗೆ ಬರುತ್ತದೋ ಹಾಗೆ ಬಿಡುವುದೇ ಓದಿಗೆ ಹಿತ.

ಫಾಂಟಿನ ಹೆಸರೇ ಬೇಕೆಂದರೆ: ಮೈಬರಹಕ್ಕೆ ನೋಟೊ ಸೆರಿಫ್ ಕನ್ನಡ ಅಥವಾ ಟೀರೊ ಕನ್ನಡ, ಶೀರ್ಷಿಕೆಗೆ ಅನೇಕ್ ಕನ್ನಡ ಅಥವಾ ಬಲೂ ತಮ್ಮ. ಎಲ್ಲವೂ ಮುಕ್ತ ಪರವಾನಗಿಯವು, ಅಚ್ಚಿಗೂ ಬಳಸಬಹುದು. ಒಂದು ಪುಸ್ತಿಕೆಯಲ್ಲಿ ಎರಡಕ್ಕಿಂತ ಹೆಚ್ಚು ಫಾಂಟ್ ಬಳಸುವವರು ಕಾರಣ ಬರೆದುಕೊಡಬೇಕು. ಈವರೆಗೆ ಒಪ್ಪುವಂಥ ಕಾರಣ ಬಂದಿಲ್ಲ.

ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿ ತಂದರೆ ನಡೆಯುತ್ತದೆಯೇ?

ಮಕ್ಕಳು ಮೊಬೈಲಿನಲ್ಲಿ ಟೈಪ್ ಮಾಡುವುದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ. ಅನೇಕ ಅಂಗಡಿಗಳಲ್ಲಿ ಇಂದಿಗೂ ಪೇಜ್‌ಮೇಕರ್ ಮತ್ತು ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟುಗಳ ರಾಜ್ಯ. ಆ ಬರಹವನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಂತೆ. ಪರಿವರ್ತಕಗಳಿವೆ, ಬಳಸಬಹುದು. ಆದರೆ ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಒಂದೊಂದಾಗಿ ನೋಡಲೇಬೇಕು. ಅದಕ್ಕಿಂತ ಮೊದಲಿನಿಂದಲೇ ಯೂನಿಕೋಡಿನಲ್ಲಿ ಬರೆದು, ಪುಟ ಜೋಡಿಸಿ, ಫಾಂಟ್ ಒಳಗೊಂಡ ಪಿಡಿಎಫ್ ಮಾಡಿ ಅಂಗಡಿಗೆ ಒಯ್ಯುವುದು ಲೇಸು.

‘ಹೆಡ್‌ಮಾಸ್ಟರ್’ ಎಂದು ಬರೆಯಹೋಗಿ ‘ಹೆಡ್ಮಾಸ್ಟರ್’ ಆಗುವ ಸಮಸ್ಯೆಗೂ ಇಲ್ಲೇ ಉತ್ತರ: ಡ್ ಆದ ಮೇಲೆ ಎರಡು ಅಕ್ಷರಗಳನ್ನು ಕೂಡಿಕೊಳ್ಳದಂತೆ ತಡೆಯುವ ಕಾಣದ ಚಿಹ್ನೆಯೊಂದನ್ನು ಒತ್ತಬೇಕು. ಕೀಲಿಮಣೆಯಲ್ಲಿ ಅದೆಲ್ಲಿದೆ ಎಂದು ಮಕ್ಕಳು ಒಮ್ಮೆ ಪತ್ತೆ ಮಾಡಿಕೊಂಡರೆ ಮರೆಯುವುದಿಲ್ಲ.

ಯಾವ ತಂತ್ರಾಂಶ?

ಸ್ಕ್ರೈಬಸ್ ಪುಟಕ್ಕೆ, ಇಂಕ್‌ಸ್ಕೇಪ್ ರೇಖಾಚಿತ್ರಕ್ಕೆ. ಎರಡೂ ಉಚಿತ. ಸ್ಕ್ರೈಬಸ್‌ನ ಹಳೆಯ ಆವೃತ್ತಿಗಳಲ್ಲಿ ಕನ್ನಡ ಒಡೆಯುತ್ತದೆ, 1.6 ಹಾಕಿಕೊಳ್ಳಿ. ಶಾಲೆಯ ಕಂಪ್ಯೂಟರಿಗೆ ಅದೂ ಭಾರವೆಂದರೆ ಲಿಬ್ರೆ ಆಫೀಸ್ ಸಾಕು.

ಕಾಗುಣಿತದ ತಪ್ಪುಗಳನ್ನು ಯಾರು ತಿದ್ದುತ್ತಾರೆ?

ಮಕ್ಕಳೇ. ನಾನು ಕೆಂಪು ಪೆನ್ನು ಹಿಡಿಯುವುದು ಕಡೆಗೆ. ನಮ್ಮ ಕಡೆ ಮಾತಿನಲ್ಲಿ ಹಕಾರ ಬಿದ್ದುಹೋಗುವುದರಿಂದ ಬರಹದಲ್ಲೂ ಅದು ಬಿದ್ದುಹೋಗುತ್ತದೆ, ಕೆಲವರು ಹೆದರಿ ಇಲ್ಲದ ಕಡೆಯೂ ಹಾಕುತ್ತಾರೆ. ಣ-ನ, ಳ-ಲ, ಅಲ್ಪಪ್ರಾಣ-ಮಹಾಪ್ರಾಣಗಳದ್ದೂ ಇದೇ ಕಥೆ. ತರಗತಿಯಲ್ಲಿ ಉಕ್ತಲೇಖನ ಕೊಟ್ಟಾಗ ಇವುಗಳ ಬಗ್ಗೆ ಯಾರಿಗೂ ಚಿಂತೆಯಿಲ್ಲ. ಶೀರ್ಷಿಕೆಯಲ್ಲಿ 36 ಪಾಯಿಂಟಿನಲ್ಲಿ ತಪ್ಪು ಕಂಡರೆ ಮಾತ್ರ ಇಡೀ ಗುಂಪಿಗೆ ನಾಚಿಕೆ.

ಕ್ರಮ ಹೀಗಿದೆ. ಕರಡನ್ನು ಪರದೆಯ ಮೇಲೆ ತಿದ್ದುವಂತಿಲ್ಲ, ಅಚ್ಚು ತೆಗೆದೇ ತಿದ್ದಬೇಕು. ಒಬ್ಬರು ಮೂಲ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಾರೆ. ಬಳಿಕ ಬರೆದವರಲ್ಲದ ಮೂರನೆಯವರು ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಾರೆ. ಹಾಗೆ ಓದಿದಾಗ ಅರ್ಥದ ಸೆಳೆತ ತಪ್ಪಿ ಅಕ್ಷರಗಳಷ್ಟೇ ಕಣ್ಣಿಗೆ ಬೀಳುತ್ತವೆ. ಶೀರ್ಷಿಕೆ, ಅಡಿಬರಹ, ಪುಟಸಂಖ್ಯೆಗಳನ್ನು ಪ್ರತ್ಯೇಕವಾಗಿ ನೋಡಬೇಕು. ತಪ್ಪುಗಳು ಅಡಗಿಕೊಳ್ಳುವುದು ಅಲ್ಲೇ, ಏಕೆಂದರೆ ಅಲ್ಲಿ ಯಾರೂ ಓದುವುದಿಲ್ಲ, ನೋಡುತ್ತಾರೆ ಅಷ್ಟೆ.

ಮಂಡ್ಯದ ಆಡುಮಾತನ್ನು ಅಚ್ಚು ಮಾಡುತ್ತೀರಾ?

ಮಾಡುತ್ತೇವೆ. ಅಜ್ಜಿಯ ಮಾತನ್ನು ಉದ್ಧರಿಸುವಾಗ ಅವರು ಹೇಳಿದ ಹಾಗೆಯೇ ಬರೆಯಬೇಕು. ಅದನ್ನು ಗ್ರಂಥಸ್ಥ ಕನ್ನಡಕ್ಕೆ ತಿರುಗಿಸಿದರೆ ಅಜ್ಜಿ ಜಿಲ್ಲಾಧಿಕಾರಿಯಂತೆ ಮಾತನಾಡತೊಡಗುತ್ತಾರೆ. ನಿರೂಪಣೆ ಮಾತ್ರ ಬರಹದ ಕನ್ನಡದಲ್ಲಿರಲಿ. ಇವೆರಡರ ನಡುವಿನ ಗೆರೆ ಪುಟದಲ್ಲೂ ಕಾಣಬೇಕು: ಕೆಲವರು ಉದ್ಧರಣ ಚಿಹ್ನೆ ಹಾಕುತ್ತಾರೆ, ಕೆಲವರು ಒಳಸರಿಸಿ ಬೇರೆ ಫಾಂಟಿನಲ್ಲಿ ಕೊಡುತ್ತಾರೆ. ಯಾವುದಾದರೂ ಸರಿ, ಇಡೀ ಪುಸ್ತಿಕೆಯಲ್ಲಿ ಒಂದೇ ರೀತಿ ಇರಬೇಕು.

ನಕ್ಷೆ, ಅಂಕಿಅಂಶದ ಪುಟಗಳೂ ಇರುತ್ತವೆಯೇ?

ಇರುತ್ತವೆ, ಈ ಊರಿನಲ್ಲಿ ಅದಕ್ಕೆ ಕೆಆರ್‌ಎಸ್‌ಗಿಂತ ಒಳ್ಳೆಯ ಪಾಠ ಇಲ್ಲ. ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿನ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬಾಯಿಗೆ ಬಂದಿರುತ್ತದೆ. ಇಂದಿನ ಮಟ್ಟ, ಒಳಹರಿವು, ಹೊರಹರಿವು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಅದನ್ನು ಕತ್ತರಿಸಿ ಅಂಟಿಸಿ ರೇಖಾಪಟ ಬರೆಯಿರಿ ಎನ್ನುತ್ತೇವೆ.

ಒಂದು ಗುಂಪು ಲಂಬ ರೇಖೆಯನ್ನು ಸೊನ್ನೆಯಿಂದ ಆರಂಭಿಸುತ್ತದೆ, ವಾರವಿಡೀ ನೀರು ಅಲ್ಲಾಡಿಲ್ಲವೆಂಬಂತೆ ಗೆರೆ ಮಲಗುತ್ತದೆ. ಇನ್ನೊಂದು ಗುಂಪು 120ರಿಂದ ಆರಂಭಿಸುತ್ತದೆ, ಎರಡಡಿ ಏರಿದ್ದು ಪ್ರವಾಹದಂತೆ ಕಾಣುತ್ತದೆ. ಅಂಕಿಗಳು ಒಂದೇ, ಸುಳ್ಳು ಯಾರೂ ಹೇಳಿಲ್ಲ. ಹಾಗಾದರೆ ಓದುಗರಿಗೆ ನಿಜ ತಿಳಿಯುವುದು ಯಾವುದರಿಂದ? ಈ ಜಗಳ ಒಂದು ಇಡೀ ಅವಧಿ ನಡೆದರೂ ನಾವು ನಿಲ್ಲಿಸುವುದಿಲ್ಲ. ಇದರ ಮೇಲೆ ಇನ್ನೊಂದು ತೊಡಕಿದೆ. ಜಲಾಶಯ ಮೇಲೆ ಹೋದಂತೆ ಅಗಲವಾಗುತ್ತದೆ. ಆದ್ದರಿಂದ ಮೇಲಿನ ಒಂದು ಅಡಿಯಲ್ಲಿ ನಿಲ್ಲುವಷ್ಟು ನೀರು ತಳದ ಒಂದು ಅಡಿಯಲ್ಲಿ ನಿಲ್ಲುವುದಿಲ್ಲ. ಅಣೆಕಟ್ಟೆಯನ್ನು ನೇರ ಗೋಡೆಯ ತೊಟ್ಟಿಯಂತೆ ಚಿತ್ರಿಸಿ ಅರ್ಧಕ್ಕೆ ನೀಲಿ ಬಳಿದರೆ, ಒಟ್ಟು ಸಾಮರ್ಥ್ಯವಾದ 49.45 ಟಿಎಂಸಿ ಅಡಿಯಲ್ಲಿ ಅರ್ಧ ಇದೆ ಎಂದು ಓದುಗರು ತಿಳಿಯುತ್ತಾರೆ. ಅದು ತಪ್ಪು. ಚಿತ್ರವನ್ನು ತಿದ್ದಬೇಕು, ಇಲ್ಲವೇ ಪಕ್ಕದಲ್ಲಿ ಒಂದು ವಾಕ್ಯ ಬರೆಯಬೇಕು. ಚಿತ್ರವೂ ಓದಬೇಕಾದ ಬರಹವೇ ಎಂಬುದಕ್ಕೆ ನಾಲೆಯ ನೀರು ಕಾಯುವ ಮನೆಗಳ ಮಕ್ಕಳಿಗೆ ಬೇರೆ ಉದಾಹರಣೆ ಕೊಡಬೇಕಿಲ್ಲ.

ಅಂತರ್ಜಾಲದ ಚಿತ್ರ, ಎಐ ಚಿತ್ರ ಬಳಸಬಹುದೇ?

ಹುಡುಕಿದಾಗ ಸಿಕ್ಕಿತು ಎಂದ ಮಾತ್ರಕ್ಕೆ ಚಿತ್ರ ನಮ್ಮದಾಗುವುದಿಲ್ಲ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಪರವಾನಗಿ ಓದಿ, ಛಾಯಾಗ್ರಾಹಕರ ಹೆಸರು ಹಾಕಿ ಬಳಸಬಹುದು. ಕವಿತೆಗಳಿಗೂ ಇದೇ ಮಾತು. ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಬಳಿಕ 60 ವರ್ಷ ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಆದ್ದರಿಂದ ಅವರ ಇಡೀ ಕವಿತೆಯನ್ನು ಹಿಂಬದಿ ರಕ್ಷಾಪುಟಕ್ಕೆ ಏರಿಸುವ ಶಾಲೆಗಳು 2054 ಮುಗಿಯುವವರೆಗೂ ಅನುಮತಿ ಕೇಳಬೇಕು.

ಎಐ ಚಿತ್ರ ಬೇಡ. ಅದು ಬರೆಯುವ ಆಲೆಮನೆ ಯಾವ ಊರಿನದೂ ಆಗಿರುವುದಿಲ್ಲ, ಬೋರ್ಡಿನ ಮೇಲಿನ ಕನ್ನಡ ಅನೇಕ ವೇಳೆ ಕನ್ನಡವೇ ಆಗಿರುವುದಿಲ್ಲ.

ಬರಹದ ಹಕ್ಕು ಯಾರದು? ಫೋಟೊ ಹಾಕುತ್ತೀರಾ?

ಹಕ್ಕು ಬರೆದ ವಿದ್ಯಾರ್ಥಿಯದು, ಶಾಲೆಯದಲ್ಲ. ಮರುಮುದ್ರಣಕ್ಕೆ ಕೇಳಿಯೇ ಮುಂದುವರಿಯುತ್ತೇವೆ. ಫೋಟೊ ಹಾಕಲು ಪೋಷಕರ ಲಿಖಿತ ಒಪ್ಪಿಗೆ ಬೇಕು. ಮನೆ ವಿಳಾಸ, ಫೋನ್ ಸಂಖ್ಯೆ ಎಂದಿಗೂ ಇಲ್ಲ.

ಖರ್ಚು ಎಷ್ಟು, ಎಲ್ಲಿ ಅಚ್ಚು ಹಾಕಿಸುತ್ತೀರಿ?

ಒಳಪುಟ ಕಪ್ಪು-ಬಿಳುಪು, ಮುಖಪುಟಕ್ಕೆ ಬಣ್ಣದ ಕಾಗದದ ಮೇಲೆ ಕಪ್ಪು ಅಚ್ಚು. ನೂರಿನ್ನೂರು ಪ್ರತಿಗೆ ಜೆರಾಕ್ಸ್ ಅಥವಾ ಡಿಜಿಟಲ್ ಮುದ್ರಣವೇ ಅಗ್ಗ. ಆಫ್‌ಸೆಟ್‌ನಲ್ಲಿ ಪ್ಲೇಟ್ ಮಾಡಿಸುವ ಖರ್ಚು ಮೊದಲೇ ಬೀಳುವುದರಿಂದ ಪ್ರತಿಗಳು ಹೆಚ್ಚಾದರೆ ಮಾತ್ರ ಲಾಭ. ಕಾಗದ ಹೊಳಪಿಲ್ಲದ ಮ್ಯಾಪ್‌ಲಿಥೊ, 70 ಅಥವಾ 80 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕದ್ದು). ಹೊಳೆಯುವ ಆರ್ಟ್ ಪೇಪರ್ ಕೊಡಿಸುತ್ತೇವೆಂದು ದಾನಿಗಳು ಬಂದರೆ, ಅದೇ ಹಣದಲ್ಲಿ ಹೆಚ್ಚು ಪ್ರತಿ ಮಾಡಿಸಿಕೊಡಿ ಎನ್ನುತ್ತೇವೆ.

ಐಎಸ್‌ಬಿಎನ್ ಬೇಕೇ?

ಪುಸ್ತಕಗಳಿಗೆ ಕೊಡುವ ಈ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ ಶಾಲೆಯ ಪುಸ್ತಿಕೆಗೆ ಬೇಡ. ಅಂಗಡಿಯಲ್ಲಿ ಮಾರುವ ಪುಸ್ತಕವಾದರೆ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿಯಿಂದ ಉಚಿತವಾಗಿ ಸಿಗುತ್ತದೆ. ಇದಕ್ಕೆ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ.

ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಇದೆಲ್ಲ ಬೇಕೇ?

ಹತ್ತನೇ ತರಗತಿಯವರ ಕೆಲಸವನ್ನು ದಸರಾ ರಜೆಗೆ ಮೊದಲೇ ಮುಗಿಸುತ್ತೇವೆ. ಬಹುಪಾಲು ಕೆಲಸ ನಡೆಯುವುದು ಬ್ಯಾಗ್ ಇಲ್ಲದ ಸಂಭ್ರಮ ಶನಿವಾರಗಳಲ್ಲಿ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿಯೂ ಇದನ್ನು ಪರಿಗಣಿಸಬಹುದು. ಅಂಕ ಹೆಚ್ಚುತ್ತದೆಯೇ ಎಂದು ಕೇಳುವ ಪೋಷಕರಿಗೆ ನಾನು ಭರವಸೆ ಕೊಡುವುದಿಲ್ಲ. ಪತ್ರಲೇಖನ ಮತ್ತು ಗದ್ಯದ ಸಾರಾಂಶದ ಪ್ರಶ್ನೆಗಳಿಗೆ ಈ ಮಕ್ಕಳು ಹೆದರುವುದಿಲ್ಲ, ಅಷ್ಟು ಹೇಳಬಲ್ಲೆ.

ಮುಂದೆ ಇದನ್ನೇ ಓದಬೇಕೆಂದರೆ?

ಹತ್ತಿರದಲ್ಲೇ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ನಮ್ಮೆಲ್ಲರ ಬಾಯಲ್ಲಿ ಕಾವಾ, ಇದೆ. ಅಲ್ಲಿ ‘ಗ್ರಾಫಿಕ್ಸ್’ ಎಂದರೆ ಮರ, ಲೋಹ, ಕಲ್ಲಿನ ಮೇಲಿನ ಮುದ್ರಣಕಲೆ. ಜಾಹೀರಾತು, ಪುಟವಿನ್ಯಾಸದ ಕಡೆಗೆ ಒಲವಿದ್ದವರು ನೋಡಬೇಕಾದದ್ದು ಅನ್ವಯಿಕ ಕಲೆ. ಭಾಷೆಯ ಕಡೆಗೆ ಸೆಳೆತವಿದ್ದರೆ ಮಾನಸಗಂಗೋತ್ರಿಯ ಪಕ್ಕದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯನ್ನು ಒಮ್ಮೆ ಹೋಗಿ ನೋಡಿ ಬರಲಿ.

ಅಚ್ಚಾದ ಪುಸ್ತಿಕೆಗಳು ಎಲ್ಲಿಗೆ ಹೋಗುತ್ತವೆ?

ಮೊದಲ ಪ್ರತಿ ಮಾಹಿತಿ ಕೊಟ್ಟವರಿಗೆ: ಆಲೆಮನೆಯವರಿಗೆ, ಜಾತ್ರೆಯ ಕಥೆ ಹೇಳಿದ ಅಜ್ಜನಿಗೆ. ಅವರು ಓದಿ, ಇಲ್ಲವೇ ಓದಿಸಿಕೊಂಡು, ತಪ್ಪು ಹಿಡಿದರೆ ಮುಂದಿನ ಪುಸ್ತಿಕೆಯಲ್ಲಿ ತಿದ್ದುಪಡಿ ಬರುತ್ತದೆ. ಆಮೇಲೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ, ಹತ್ತಿರದ ಪ್ರಾಥಮಿಕ ಶಾಲೆಗಳಿಗೆ.

ಬೇರೆ ಪ್ರೌಢಶಾಲೆಗಳೊಂದಿಗೆ ವಿನಿಮಯಕ್ಕೂ ಸಿದ್ಧ. ನಿಮ್ಮ ಮಕ್ಕಳ ಪುಸ್ತಿಕೆ ಕಳಿಸಿ, ನಮ್ಮದು ಕಳಿಸುತ್ತೇವೆ. ಜೊತೆಗೆ ನಿಮ್ಮ ಮಕ್ಕಳು ಒಂದು ಪುಟದ ಅಭಿಪ್ರಾಯ ಬರೆದು ಕಳಿಸಬೇಕು, ಯಾವ ಪುಟದಲ್ಲಿ ಓದಲು ಕಷ್ಟವಾಯಿತು ಎಂಬುದನ್ನೂ ಅದರಲ್ಲಿ ಹೇಳಬೇಕು. ‘ತುಂಬಾ ಚೆನ್ನಾಗಿದೆ’ ಎಂದಷ್ಟೇ ಬರೆದ ಹಾಳೆ ಬಂದರೆ ನಮ್ಮ ಮಕ್ಕಳು ಅದನ್ನು ವಾಪಸ್ ಕಳಿಸುತ್ತಾರೆ.